ಪಲ್ಲವಿಗೂ ಚರಣಕ್ಕೂ ನಡುವೆ

ಹಾಡುಗಾರ ಪಲ್ಲವಿ ಮುಗಿಸಿ ಸುಮ್ಮನಾಗಿದ್ದಾನೆ. ಚರಣ ಇನ್ನೂ ಶುರುವಾಗಿಲ್ಲ. ನಡುವಿನ ಹದಿನೈದಿಪ್ಪತ್ತು ಸೆಕೆಂಡು ಬರೀ ವಾದ್ಯ. ಆರ್ಕೆಸ್ಟ್ರಾದವರು ಇದನ್ನು ಬಿಟ್ ಅನ್ನುತ್ತಾರೆ; ಪಲ್ಲವಿ ಆದಮೇಲೆ ಬರುವುದು ಮೊದಲ ಬಿಟ್, ಎರಡು ಚರಣಗಳ ನಡುವಿನದು ಎರಡನೇ ಬಿಟ್. ಸಿನಿಮಾದಲ್ಲಿ ನಾಯಕ ನಾಯಕಿ ಬಟ್ಟೆ ಬದಲಾಯಿಸಿ ಇನ್ನೊಂದು ಗುಡ್ಡಕ್ಕೆ ಹೋಗುವುದು ಈ ಹೊತ್ತಿನಲ್ಲೇ. ಹಾಡು ಗುನುಗುವವರು ಇದನ್ನು ಗುನುಗುವುದಿಲ್ಲ. ಅಂತ್ಯಾಕ್ಷರಿಯಲ್ಲಿ ಇದಕ್ಕೆ ಬೆಲೆಯೇ ಇಲ್ಲ.

1980ರಿಂದ 1983ರ ತನಕ ಬಂದ, ನಮ್ಮ ಮನೆಯ ಹಳೆಯ ಡಬ್ಬದಲ್ಲಿ ಉಳಿದಿರುವ ಕ್ಯಾಸೆಟ್ಟುಗಳ ಹಾಡುಗಳನ್ನು ಈ ಮಳೆಗಾಲದಲ್ಲಿ ಒಂದನ್ನೂ ಹಾರಿಸದೆ, ಬಂದ ಸಾಲಿನಲ್ಲೇ ಕೇಳುತ್ತ ಕೂತೆ. ಕೇಳುತ್ತ ಹೋದಂತೆ ಒಂದು ಮಾತು ಗಟ್ಟಿಯಾಯಿತು: ಕನ್ನಡಕ್ಕೆ ಪಾಪ್ ಸಂಗೀತ ನುಸುಳಿದ್ದು ಈ ಸಂದಿಯಿಂದಲೇ. ಸಾಹಿತ್ಯ ಹಳೆಯ ಮರ್ಯಾದೆಯಲ್ಲೇ ಇತ್ತು. ಹೂವು, ಜೇನು, ಜನ್ಮಾಂತರ, ಕಣ್ಣು ಎಲ್ಲ ಇದ್ದಲ್ಲೇ ಇದ್ದವು. ರಾಗವೂ ಅಷ್ಟೇನೂ ಅಪರಿಚಿತವಲ್ಲ. ಗಾಯಕ ಬಾಯಿ ಮುಚ್ಚಿದ ಕೂಡಲೇ ಮಾತ್ರ ಬೇರೆಯೇ ಊರಿನ ಬಾಗಿಲು ತೆರೆಯುತ್ತಿತ್ತು.

ನಮ್ಮೂರು ಮುಂಡಗೋಡ ಅತ್ತ ಪೂರಾ ಮಲೆನಾಡಲ್ಲ, ಇತ್ತ ಬಯಲುಸೀಮೆಯೂ ಅಲ್ಲ. ಜಿಲ್ಲಾ ಕೇಂದ್ರ ಕಾರವಾರ ಘಟ್ಟದ ಕೆಳಗಿದೆ. ಪೇಟೆ, ಆಸ್ಪತ್ರೆ, ಕಾಲೇಜು, ಮದುವೆ ಜವಳಿ ಎಲ್ಲದಕ್ಕೂ ಹುಬ್ಬಳ್ಳಿ. ಹಾಡುಗಳೂ ಅದೇ ದಾರಿಯಲ್ಲಿ, ತಡಸ ಕ್ರಾಸಿನಲ್ಲಿ ಹೊರಳಿ ಬಸ್ಸಿನಲ್ಲೇ ಬಂದವು. ಅದಕ್ಕೂ ಮೊದಲು 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿ ನಮಗೆ ಹಾಡು ಕೊಟ್ಟಿತ್ತು. ಆದರೆ ರೇಡಿಯೋದಲ್ಲಿ ಯಾವ ಹಾಡು ಯಾವಾಗ ಬರುತ್ತದೋ ಅದು ಅವರ ಮರ್ಜಿ. ಹಾಡು ನಮ್ಮ ಕೈಗೆ ಸಿಕ್ಕಿದ್ದು ಕ್ಯಾಸೆಟ್ ಬಂದಮೇಲೆ. ಹುಬ್ಬಳ್ಳಿಯಲ್ಲಿ ಓದುತ್ತಿದ್ದ ನಮ್ಮಣ್ಣ ಖಾಲಿ ಕ್ಯಾಸೆಟ್ ಕೊಂಡು, ಹಾಡಿನ ಪಟ್ಟಿ ಬರೆದುಕೊಟ್ಟು, ಅಂಗಡಿಯಲ್ಲಿ ತುಂಬಿಸಿ ತರುತ್ತಿದ್ದ. ಅರವತ್ತು ನಿಮಿಷದ ಕ್ಯಾಸೆಟ್ ಅಂದರೆ ಒಂದು ಮಗ್ಗುಲಿಗೆ ಅರ್ಧ ಗಂಟೆ. ಸಿನಿಮಾದ ನಾಲ್ಕೈದು ಹಾಡಿಗೆ ಇಪ್ಪತ್ತು ಇಪ್ಪತ್ತೈದು ನಿಮಿಷ ಸಾಕು. ಉಳಿದ ಟೇಪಿಗೆ ಅಂಗಡಿಯ ಹುಡುಗ ತನಗೆ ತೋಚಿದ್ದನ್ನು ತುಂಬುತ್ತಿದ್ದ. ಹಾಗಾಗಿ ನಮ್ಮ ಮನೆಯಲ್ಲಿ ‘ಗೀತಾ’ ಚಿತ್ರದ ಕೊನೆಯ ಹಾಡಿನ ಬೆನ್ನಿಗೆ ‘ಆಟೋ ರಾಜ’ದ ‘ನಲಿವಾ ಗುಲಾಬಿ ಹೂವೇ’ ಬರುತ್ತದೆ. ಎಲ್ಲಿ ಕೇಳಿದರೂ ಆ ಎರಡು ಹಾಡು ನನಗೆ ಇಂದಿಗೂ ಜೋಡಿಯೇ.

ಟೇಪುಗಳು ಈಗ ಓಡುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಕಡೆ ಚರ್ಮದ ಚಪ್ಪಲಿಗೂ ಬೂಷ್ಟು ಬರುತ್ತದೆ; ಕಂದು ಟೇಪಿನ ಅಂಚಿಗೆ ಬಿಳಿ ಪುಡಿಯಂತೆ ಕೂರುವ ಬೂಷ್ಟು ಪ್ಲೇಯರಿನ ಹೆಡ್ಡನ್ನೂ ಕೆಡಿಸುತ್ತದೆ. ಈಗ ಹಾಡೆಲ್ಲ ಮೊಬೈಲಿನಲ್ಲಿದೆ. ಅಣ್ಣ ಡಬ್ಬಿಯೊಳಗಿನ ಚೀಟಿಯ ಮೇಲೆ ನೀಲಿ ಶಾಯಿಯಲ್ಲಿ ಬರೆದ ಸಾಲನ್ನೇ ಹಿಡಿದು, ಒಂದಾದಮೇಲೊಂದು ಹಾಕಿಕೊಂಡೆ.

ಮೊದಲ ಚೀಟಿ ‘ಗೀತಾ’, 1981. ನಿರ್ದೇಶನ ಶಂಕರ್‌ನಾಗ್, ಸಂಗೀತ ಇಳಯರಾಜ, ಸಾಹಿತ್ಯ ಚಿ. ಉದಯಶಂಕರ್. ಶಂಕರ್‌ನಾಗ್ ನಮ್ಮ ಜಿಲ್ಲೆಯವರೇ, ಹೊನ್ನಾವರದ ಕಡೆಯವರು. ‘ಗೀತಾ’ ಬಂದಾಗ ಅವರಿಗೆ ಇಪ್ಪತ್ತಾರು ಇಪ್ಪತ್ತೇಳು ವಯಸ್ಸು. ರಕ್ತದ ಕ್ಯಾನ್ಸರ್ ಆದ ಹುಡುಗಿಯ ಕಥೆ. ಚಿತ್ರ ನೋಡಿದವರಿಗಿಂತ ಹಾಡು ಬಲ್ಲವರು ಹತ್ತು ಪಾಲು ಹೆಚ್ಚು ಅಂತ ನನ್ನ ಅಂದಾಜು.

ಚೀಟಿಯಲ್ಲಿ ಮೊದಲಿಗೆ ‘ಸಂತೋಷಕೆ’. ಗಣಪತಿ ಪೆಂಡಾಲಿನಲ್ಲಿ, ಕಾಲೇಜಿನ ಗ್ಯಾದರಿಂಗಿನಲ್ಲಿ, ಮದುವೆಯ ಆರ್ಕೆಸ್ಟ್ರಾದಲ್ಲಿ ನಲವತ್ತು ವರ್ಷದಿಂದ ಇದಕ್ಕೆ ಬಿಡುವೇ ಸಿಕ್ಕಿಲ್ಲ. ಅದಕ್ಕೇ ಇದನ್ನು ಸುಮ್ಮನೆ ಕೂತು ಕೇಳುವುದು ಕಷ್ಟ. ಕಾಲು ಕೇಳುತ್ತದೆ, ಕಿವಿ ಕೇಳುವುದಿಲ್ಲ. ಹಟ ಹಿಡಿದು ಕಿವಿಗೇ ಕೆಲಸ ಕೊಟ್ಟೆ. ಎಸ್.ಪಿ. ಬಾಲಸುಬ್ರಹ್ಮಣ್ಯಂ ಹಾಡುವ ಸಾಲುಗಳು ಚಿಕ್ಕವು, ಸರಳ, ಒಂದು ಸಲ ಕೇಳಿದರೆ ಮಗುವಿಗೂ ಬಾಯಿಗೆ ಬರುವಂಥವು. ಹಾಡಿನ ಕಸುವೆಲ್ಲ ತಾಳದಲ್ಲಿದೆ, ಸಾಲು ಮುಗಿದ ಕೂಡಲೇ ನುಗ್ಗುವ ವಾದ್ಯದಲ್ಲಿದೆ. ಇದು ಒಳ್ಳೆಯ ಹಾಡೇ? ಕುಣಿಸುವ ಹಾಡು. ಈ ಚಿತ್ರದ ಐದರಲ್ಲಿ ನನಗೆ ನಾಲ್ಕನೆಯದು.

ಎರಡನೆಯದು ‘ಜೊತೆಯಲಿ’. ಎಸ್‌ಪಿಬಿ ಮತ್ತು ಎಸ್. ಜಾನಕಿ. ಇದರ ಮುಂದೆ ಎಷ್ಟು ಹೊತ್ತಾದರೂ ಕೂರಬಹುದು. ಸಾಹಿತ್ಯವನ್ನು ಮಾತ್ರ ಬರೆದಿಟ್ಟು ಓದಿದರೆ ಅರವತ್ತರ ದಶಕದ ಯಾವ ಯುಗಳ ಗೀತೆಗೂ ಹೊಂದುವಂಥ ಪದಗಳು. ಹಾಡುವವರೂ ಅಷ್ಟೇ ಸೌಮ್ಯ. ಕೆಳಗಡೆ ಬಾಸ್ ಗಿಟಾರ್ ಏನು ಮಾಡುತ್ತಿದೆ ಅಂತ ಕೇಳಿದರೆ ಬೇರೆ ಸಂಗತಿ ತೆರೆದುಕೊಳ್ಳುತ್ತದೆ. ನಮ್ಮ ಹಳೆಯ ಹಾಡುಗಳಲ್ಲಿ ಕೆಳಗಿನ ಸ್ವರ ಅಂದರೆ ಶ್ರುತಿಗೆ ಆಸರೆ, ಇದ್ದಲ್ಲೇ ಇರಬೇಕು. ಇಲ್ಲಿ ಅದು ತನ್ನದೇ ದಾರಿ ಹಿಡಿದು, ಗಾಯಕರು ಮೇಲೇರಿದಾಗ ಕೆಳಗಿಳಿದು, ಅವರು ನಿಂತಾಗ ತಾನು ಮಾತಾಡಿ, ಹಾಡಿನೊಳಗೆ ಇನ್ನೊಂದು ಹಾಡಾಗುತ್ತದೆ. ಬಿಟ್ಟಿನಲ್ಲಿ ಪಿಟೀಲುಗಳ ಗುಂಪು ಬಂದಾಗಲೂ ನನ್ನ ಕಿವಿ ಕೆಳಗೇ ಇರುತ್ತದೆ.

ಈ ಕೆಳದನಿ ನಮ್ಮೂರಿಗೆ ಅಷ್ಟು ಹೊಸದಾಗಿರಲಿಲ್ಲ ಅಂತ ಒಂದೊಂದು ಸಲ ಅನಿಸುತ್ತದೆ. 1966ರಲ್ಲಿ ಇಲ್ಲಿ ಟಿಬೆಟನ್ ನಿರಾಶ್ರಿತರ ವಸತಿ ಶುರುವಾಯಿತು. ಗಾಂದೆನ್, ದ್ರೆಪುಂಗ್ ಮಠಗಳು ಇಲ್ಲೇ ಮತ್ತೆ ಬೇರೂರಿದವು. ಲಾಮಾ ಕ್ಯಾಂಪಿನ ಕಡೆ ಪೂಜೆಯ ದಿನ ಹೋದರೆ ಆಳೆತ್ತರಕ್ಕಿಂತ ಉದ್ದನೆಯ ದುಂಗ್‌ಚೆನ್ ಕಹಳೆ ಊದುತ್ತಾರೆ. ಅದರ ದನಿ ಕಿವಿಗಿಂತ ಮೊದಲು ಎದೆಗೆ ತಾಗುತ್ತದೆ. ಇನ್ನೊಂದು ಕಡೆ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನ ಸಿದ್ದಿಗಳ ಡಮಾಮಿ ಚರ್ಮವಾದ್ಯ. ಇವನ್ನು ಕೇಳಿ ಬೆಳೆದವನಿಗೆ ಬಾಸ್ ಗಿಟಾರ್ ವಿದೇಶಿ ವಸ್ತುವಾಗಿ ಕೇಳಲಿಲ್ಲ. ಇಳಯರಾಜರಿಗೂ ಇದಕ್ಕೂ ಸಂಬಂಧವಿದೆ ಅಂತ ನಾನು ಹೇಳುತ್ತಿಲ್ಲ. ನನ್ನ ಕಿವಿಗೆ ಸಂಬಂಧವಿದೆ.

‘ಕೇಳದೆ ನಿಮಗೀಗ’ ಮೂರನೆಯದು. ಇದನ್ನು ರಾತ್ರಿ ಕರೆಂಟ್ ಇದ್ದಾಗ ಮಾತ್ರ ಕೇಳಬೇಕು ಅಂತ ಚಿಕ್ಕವರಿದ್ದಾಗ ನಮ್ಮಲ್ಲೊಂದು ಕರಾರು. ಹೆದರಿಕೆಯ ಅಂಚಿನಲ್ಲಿ ನಡೆಯುವ ಹಾಡು. ಎಸ್‌ಪಿಬಿ ಒಬ್ಬರೇ ಹಾಡುತ್ತಾರೆ, ಪಕ್ಕದಲ್ಲಿ ಯಾರೋ ಇದ್ದಾರೆ ಅನಿಸುತ್ತದೆ. ಅದೇ 1981ರ ಫೆಬ್ರುವರಿ 8ರಂದು ಅವರು ಬೆಂಗಳೂರಿನಲ್ಲಿ ಸಂಗೀತ ನಿರ್ದೇಶಕ ಉಪೇಂದ್ರ ಕುಮಾರ್ ಅವರಿಗಾಗಿ ಒಂದೇ ದಿನ 21 ಕನ್ನಡ ಹಾಡು ಹಾಡಿದ್ದರು. ಆ ವೇಗದಲ್ಲಿ ಕೆಲಸ ಮಾಡುತ್ತಿದ್ದ ಗಂಟಲು ಇಲ್ಲಿ ಒಂದು ಸಾಲಿನಲ್ಲಿ ತಮಾಷೆ, ಮರುಸಾಲಿನಲ್ಲಿ ಭಯ ತರುವುದನ್ನು ಕೇಳಿದರೆ, ದಾಖಲೆಯ ಲೆಕ್ಕಕ್ಕಿಂತ ಇದೇ ದೊಡ್ಡದು.

ಉಳಿದವು ‘ಏನೇ ಕೇಳು’ ಮತ್ತು ‘ನನ್ನ ಜೀವ ನೀನು’. ಮೊದಲನೆಯದನ್ನು ನಾವು ಆಗ ಮುಂದೋಡಿಸುತ್ತಿದ್ದೆವು. ಈಗ ಹಾಗೆ ಮಾಡದೆ ಕೇಳಿದ್ದಕ್ಕೆ ಹೆಚ್ಚೇನೂ ಲಾಭವಾಗಲಿಲ್ಲ. ಎರಡನೆಯದು ಕಥೆಯ ದುಃಖವನ್ನೆಲ್ಲ ಹೊತ್ತಿದೆ. ಚಿತ್ರ ನೋಡದವರಿಗೆ ಅದರ ಅರ್ಧ ಭಾರ ಗೊತ್ತಾಗುವುದಿಲ್ಲ.

ಇಳಯರಾಜರನ್ನು ನಾವು ತಮಿಳಿನಿಂದ ಬಂದ ನೆಂಟರಂತೆ ನೋಡುತ್ತೇವೆ. ಸ್ವತಂತ್ರ ಸಂಗೀತ ನಿರ್ದೇಶಕರಾಗುವ ಮೊದಲು ಅವರು ಕೆಲಸ ಕಲಿತದ್ದು ಜಿ.ಕೆ. ವೆಂಕಟೇಶ್ ಅವರ ಬಳಿ. ವೆಂಕಟೇಶ್ ಆಗ ಮಾಡುತ್ತಿದ್ದ ಚಿತ್ರಗಳಲ್ಲಿ ಹೆಚ್ಚಿನವು ಕನ್ನಡದವು. ಗಿಟಾರ್ ನುಡಿಸುತ್ತ, ವಾದ್ಯವೃಂದಕ್ಕೆ ಸ್ವರ ಬರೆದುಕೊಡುತ್ತ ಇಳಯರಾಜ ಕನ್ನಡ ಹಾಡಿನ ಅಳತೆಯನ್ನು ಒಳಗಿನಿಂದಲೇ ಬಲ್ಲರು. ಅತ್ತ ಧನರಾಜ್ ಮಾಸ್ಟರ್ ಹತ್ತಿರ ಪಾಶ್ಚಾತ್ಯ ಶಾಸ್ತ್ರೀಯದ ಪಾಠವೂ ಆಗಿತ್ತು. ಪ್ರತಿ ವಾದ್ಯದವನಿಗೂ ಬೇರೆ ಬೇರೆ ಹಾಳೆಯಲ್ಲಿ ಸ್ವರ ಬರೆದುಕೊಟ್ಟು ನುಡಿಸುವುದು ಅವರ ಪದ್ಧತಿ. ಬಿಟ್ ಅನ್ನುವುದು ಅವರ ಕೈಯಲ್ಲಿ ಜಾಗ ತುಂಬುವ ಸಾಮಗ್ರಿಯಾಗದೆ ಇದ್ದದ್ದು ಇದರಿಂದ. ಅಲ್ಲಿಯ ತನಕ ನಮ್ಮ ಬಹಳಷ್ಟು ಹಾಡುಗಳ ಬಿಟ್ಟುಗಳು ಪಲ್ಲವಿಯ ರಾಗವನ್ನೇ ಕೊಳಲಿನಲ್ಲೋ ಸಿತಾರಿನಲ್ಲೋ ಇನ್ನೊಮ್ಮೆ ಹೇಳಿ ಮುಗಿಸುತ್ತಿದ್ದವು. ರಾಜನ್–ನಾಗೇಂದ್ರ ಸೋದರರು, ವಿಜಯಭಾಸ್ಕರ್ ಅವರಂಥವರು ಇದಕ್ಕೆ ಅಪವಾದ, ಒಪ್ಪುತ್ತೇನೆ. ರಾಜನ್–ನಾಗೇಂದ್ರರ ‘ನಲಿವಾ ಗುಲಾಬಿ ಹೂವೇ’ ಯಾವ ಇಳಯರಾಜರಿಗೂ ಕಡಿಮೆಯಿಲ್ಲ. ಆದರೆ ಅಲ್ಲಿ ಬಿಟ್ ಹಾಡಿನ ಮಗಳು. ಇಳಯರಾಜರಲ್ಲಿ ಅದು ಬೇರೆ ಮನೆಯಿಂದ ಬಂದ ಸೊಸೆ.

ಅದೇ ‘ಗೀತಾ’ ಕ್ಯಾಸೆಟ್ಟಿನ ಇನ್ನೊಂದು ಮಗ್ಗುಲಲ್ಲಿ ‘ನೀ ನನ್ನ ಗೆಲ್ಲಲಾರೆ’, ಅದೂ 1981. ರಾಜ್‌ಕುಮಾರ್ ಹಾಡಿಗೆ ಇಳಯರಾಜರ ಸಂಗೀತ. ‘ಜೀವ ಹೂವಾಗಿದೆ’ ಕೇಳುವಾಗ ಎರಡು ಕಾಲಗಳು ಎದುರುಬದುರು ಕೂತಂತೆ ಭಾಸ. ಗುಬ್ಬಿ ಕಂಪನಿಯ ರಂಗದ ಮೇಲೆ ಪಳಗಿದ ಕಂಠ ಒಂದೊಂದು ಅಕ್ಷರವನ್ನೂ ಬಿಡಿಸಿ ಇಡುತ್ತದೆ. ಅವರು ಮುಗಿಸಿದ್ದೇ ತಡ, ಪಿಟೀಲುಗಳು ಎಲ್ಲಿಗೋ ಕರೆದೊಯ್ಯುತ್ತವೆ. ಮತ್ತೆ ರಾಜ್‌ಕುಮಾರ್ ಬಂದು ಎಲ್ಲವನ್ನೂ ಮನೆಗೆ ತರುತ್ತಾರೆ. ಜೊತೆಗೆ ಜಾನಕಿ. ‘ಅನುರಾಗ ಏನಾಯ್ತು’ ನಮ್ಮಪ್ಪನಿಗೆ ಹಿಡಿಸಿದ್ದ ಹಾಡು. ಅದು ಬಂದರೆ ಕ್ಯಾಸೆಟ್ ನಿಲ್ಲಿಸುವಂತಿರಲಿಲ್ಲ. “ಬಂದ್ ಮಾಡಬ್ಯಾಡೋ, ಅದೊಂದ್ ಮುಗೀಲಿ” ಅನ್ನುವರು. ಹೀಗೆ ತಂದೆ ಮಕ್ಕಳಿಬ್ಬರೂ ಒಂದೇ ಟೇಪಿಗೆ ಹಕ್ಕುದಾರರಾಗಲು ಕಾರಣ ಬಹುಶಃ ಈ ಹಂಚಿಕೆಯೇ: ಹಾಡು ಅವರಿಗೆ, ಬಿಟ್ ನಮಗೆ.

ಎರಡನೆಯ ಚೀಟಿ ‘ಪಲ್ಲವಿ ಅನುಪಲ್ಲವಿ’, 1983. ಮಣಿರತ್ನಂ ನಿರ್ದೇಶಿಸಿದ ಮೊದಲ ಚಿತ್ರ, ಅದೂ ಕನ್ನಡದಲ್ಲಿ. ಅನಿಲ್ ಕಪೂರ್, ಲಕ್ಷ್ಮಿ, ಕಿರಣ್ ವೈರಾಳೆ. ಬಾಲು ಮಹೇಂದ್ರರ ಛಾಯಾಗ್ರಹಣ, ಆರ್.ಎನ್. ಜಯಗೋಪಾಲ್ ಅವರ ಸಾಹಿತ್ಯ. ಇದರ ‘ನಗುವಾ ನಯನ’ದ ಬಗ್ಗೆ ಹೊಸದಾಗಿ ಹೇಳುವುದು ಏನಿದೆ? ಒಂದಿದೆ. ಮುಂದೆ ಐಡಿಯಾ ಮೊಬೈಲ್ ಕಂಪನಿಯ ಜಾಹೀರಾತಿಗೆ ಈ ಚಿತ್ರದ ವಾದ್ಯಸಂಗೀತ ಬಳಕೆಯಾಯಿತು. ಕನ್ನಡವೇ ಗೊತ್ತಿಲ್ಲದ ಎಷ್ಟೋ ಜನ ಅದನ್ನು ಫೋನಿನ ರಿಂಗಾಗಿ ಇಟ್ಟುಕೊಂಡರು. ಅವರಿಗೆ ತಲುಪಿದ್ದು ಎಸ್‌ಪಿಬಿ, ಜಾನಕಿಯರ ದನಿಯಲ್ಲ, ಜಯಗೋಪಾಲರ ಪದವಲ್ಲ. ಹಾಡು ದೇಶ ಸುತ್ತಿದ್ದು ಬರೀ ವಾದ್ಯದ ಕಾಲಿನ ಮೇಲೆ.

‘ನಗು ಎಂದಿದೆ’ ಜಾನಕಿ ಒಬ್ಬರದೇ. ಇದರಲ್ಲಿ ಅವರ ವಯಸ್ಸು ಎಷ್ಟು ಅಂತ ಹೇಳಲಾಗದು. ದೊಡ್ಡವರು ಮಕ್ಕಳ ಹಾಗೆ ಹಾಡಿದರೆ ನನಗೆ ಸಾಮಾನ್ಯವಾಗಿ ಇರುಸುಮುರುಸು. ಇಲ್ಲಿ ಹಾಗಾಗದಿರಲು ಕಾರಣ ಅವರು ಮಗುವಿನ ದನಿ ಮಾಡುವುದಿಲ್ಲ, ಮಗುವಿನ ಜೊತೆ ಆಡುವವರ ದನಿ ಮಾಡುತ್ತಾರೆ. ‘ಹೃದಯ ರಂಗೋಲಿ’ಯನ್ನು ಮಳೆ ಹನಿಯುತ್ತಿರುವಾಗ ಕೇಳಬಾರದು, ಹಾಡು ಮೊದಲೇ ಅಷ್ಟು ತೇವ. ‘ಓ ಪ್ರೇಮಿ’ ಉಳಿದ ಮೂರರ ನಡುವೆ ಸಿಕ್ಕಿಕೊಂಡ ಹಾಡು, ಬೇರೆ ಚಿತ್ರದಲ್ಲಿದ್ದರೆ ಹೆಚ್ಚು ಬಾಳುತ್ತಿತ್ತು.

ಇಲ್ಲೊಂದು ಮಾತು. ಹೀಗೆ ಸಾಲು ಹಿಡಿದು ಕೇಳುವುದಕ್ಕೆ ನಮ್ಮ ಸಿನಿಮಾ ಹಾಡುಗಳ ಮಟ್ಟಿಗೆ ಅಂಥ ಶಾಸ್ತ್ರವೇನಿಲ್ಲ. ನಾಲ್ಕು ಹಾಡಿನ ಸಣ್ಣ ರೆಕಾರ್ಡಿನಲ್ಲಿ ಒಂದು ಸಾಲು, ಕ್ಯಾಸೆಟ್ಟಿನಲ್ಲಿ ಇನ್ನೊಂದು, ಮೊಬೈಲಿನಲ್ಲಿ ಮತ್ತೊಂದು. ಸಾಲಿನ ಮೇಲೆ ತಲೆ ಕೆಡಿಸಿಕೊಂಡವರು ಅತ್ತಲಿನವರು. ಮೈಕೆಲ್ ಜಾಕ್ಸನ್‌ನ ‘ಥ್ರಿಲ್ಲರ್’ 1982ರ ನವೆಂಬರ್ ಕೊನೆಗೆ ಬಂತು. ಒಂಬತ್ತು ಹಾಡು, ಮೊದಲ ಮಗ್ಗುಲಿಗೆ ನಾಲ್ಕು, ಎರಡನೆಯದಕ್ಕೆ ಐದು. ಎರಡನೇ ಮಗ್ಗುಲು ‘ಬೀಟ್ ಇಟ್’ನಿಂದ ಶುರು, ಅದರ ಬೆನ್ನಿಗೆ ‘ಬಿಲ್ಲಿ ಜೀನ್’. ರೆಕಾರ್ಡಿನ ಒಂದು ಮಗ್ಗುಲಿಗೆ ಹೆಚ್ಚು ನಿಮಿಷ ತುಂಬಿದರೆ ಗೀರುಗಳು ಕಿರಿದಾಗಿ ದನಿ ಸಣಕಲಾಗುತ್ತದೆ, ಅದಕ್ಕಾಗಿ ನಿರ್ಮಾಪಕ ಕ್ವಿನ್ಸಿ ಜೋನ್ಸ್ ತಂಡ ಹಾಡುಗಳನ್ನು ಕತ್ತರಿಸಿ ಕೂರಿಸಿತು. ‘ಬಿಲ್ಲಿ ಜೀನ್’ನಲ್ಲಿ ಹಾಡುಗಾರ ಬಾಯಿ ತೆರೆಯುವ ಮೊದಲು ಡ್ರಮ್ಮು, ಬಾಸು ಅರ್ಧ ನಿಮಿಷ ತಾವೇ ನಡೆಯುತ್ತವೆ. ಅದು ಕೂಡ ಬಿಟ್ಟೇ, ಹಾಡಿಗಿಂತ ಮೊದಲೇ ಬಂದು ಕೂತಿದೆ ಅಷ್ಟೆ. ನಮ್ಮೂರಿಗೆ ಜಾಕ್ಸನ್ ಬಂದದ್ದು ಹಾಡಾಗಿ ಅಲ್ಲ, ಗ್ಯಾದರಿಂಗಿನ ಬ್ರೇಕ್ ಡಾನ್ಸ್ ಆಗಿ. ಒಂದಕ್ಷರ ತಿಳಿಯದೆಯೂ ಕುಣಿಯಬಹುದು ಅಂತ ಗೊತ್ತಾದದ್ದು ಆಗಲೇ.

ಮೂರನೆಯ ಚೀಟಿಯಲ್ಲಿ ಅಣ್ಣನ ಅಕ್ಷರವಿಲ್ಲ. ಅದು ಕಂಪನಿಯದೇ ಕ್ಯಾಸೆಟ್: ನಾಜಿಯಾ ಹಸನ್ ಮತ್ತು ಆಕೆಯ ತಮ್ಮ ಜೋಹೆಬ್ ಹಾಡಿದ ‘ಡಿಸ್ಕೋ ದೀವಾನೆ’, 1981. ಕನ್ನಡದ ಲೇಖನದಲ್ಲಿ ಕರಾಚಿ ಲಂಡನ್ನಿನ ಹುಡುಗಿಗೇನು ಕೆಲಸ ಅಂತ ಕೇಳಬಹುದು. ಈ ಆಲ್ಬಮ್ಮಿಗೆ ಸಂಗೀತ ಕೊಟ್ಟವರು ಬೆಂಗಳೂರಿನಲ್ಲಿ ಹುಟ್ಟಿದ ಕೊಡವ, ಬಿದ್ದು ಅಪ್ಪಯ್ಯ. ಅರವತ್ತರ ದಶಕದಲ್ಲಿ ‘ಟ್ರೋಜನ್ಸ್’ ಅನ್ನುವ ಬ್ಯಾಂಡಿನಲ್ಲಿ ಗಿಟಾರ್ ಹಿಡಿದು, ಆಮೇಲೆ ಇಂಗ್ಲೆಂಡಿಗೆ ಹೋಗಿ, 1974ರಲ್ಲಿ ಕಾರ್ಲ್ ಡಗ್ಲಸ್ ಹಾಡಿದ ‘ಕುಂಗ್ ಫೂ ಫೈಟಿಂಗ್’ ಮಾಡಿದವರು. ಅದು ಬ್ರಿಟನ್ನಿನಲ್ಲೂ ಅಮೆರಿಕದಲ್ಲೂ ಮೊದಲ ಸ್ಥಾನಕ್ಕೇರಿತು. ಸ್ವಾರಸ್ಯವೆಂದರೆ ಅದು ಮೊದಲಿಗೆ ಬಿ ಸೈಡಿಗೆಂದು, ಸ್ಟುಡಿಯೋದಲ್ಲಿ ಉಳಿದ ಕೊನೆಯ ಕೆಲವೇ ನಿಮಿಷಗಳಲ್ಲಿ ಮುಗಿಸಿದ ಹಾಡು. 1980ರ ‘ಕುರ್ಬಾನಿ’ಗೆ ಅವರು ನಾಜಿಯಾಳಿಂದ ‘ಆಪ್ ಜೈಸಾ ಕೋಯಿ’ ಹಾಡಿಸಿದರು; ಆ ಹಾಡಿಗೆ ಆಕೆಗೆ ಫಿಲ್ಮ್‌ಫೇರ್ ಪ್ರಶಸ್ತಿ ಬಂದಾಗ ವಯಸ್ಸು ಹದಿನೈದರ ಆಸುಪಾಸು.

‘ಡಿಸ್ಕೋ ದೀವಾನೆ’ ಶೀರ್ಷಿಕೆ ಗೀತೆಯಲ್ಲಿ ಇಳಯರಾಜರ ಲೆಕ್ಕ ತಲೆಕೆಳಗು. ಇಲ್ಲಿ ಹಾಡೇ ಬಿಟ್ಟಿನಂತೆ ವರ್ತಿಸುತ್ತದೆ. ನಾಜಿಯಾಳದು ಚಿಕ್ಕ ದನಿ. ಗಮಕವಿಲ್ಲ, ಮೀಂಡ್ ಇಲ್ಲ. ಒಂದೇ ದನಿಯನ್ನು ಎರಡು ಸಲ ಮುದ್ರಿಸಿ ಒಂದರ ಮೇಲೊಂದು ಹೊದಿಸಿದ್ದಾರೆ. ಲತಾ ಆಶಾರನ್ನು ಕೇಳಿದ ಕಿವಿಗೆ ಇದು ಹಾಡುಗಾರಿಕೆಯೇ ಅಲ್ಲ. ದನಿಯೂ ಸಿಂಥಸೈಜರಿನ ಒಂದು ಕೀಲಿಯಂತೆ ಕೆಲಸ ಮಾಡುತ್ತದೆ. ‘ಆವೋ ನಾ’, ‘ಲೇಕಿನ್ ಮೇರಾ ದಿಲ್’, ‘ಕೋಮಲ್’ ಹೀಗೆ ಸಾಲು ಹೋಗುತ್ತದೆ. ಆಲ್ಬಮ್ಮಿನ ಉತ್ತರಾರ್ಧ ಸಪ್ಪೆ ಅಂತಲೇ ನನ್ನ ತೀರ್ಮಾನ. ಎಲ್ಲಕ್ಕೂ ಒಂದೇ ತಾಳ. ಮೂರನೆಯ ಹಾಡಿಗೆ ಕಾಲು ದಣಿಯುತ್ತದೆ. ಆದರೆ ಅದೇ ಶೀರ್ಷಿಕೆ ಗೀತೆಯನ್ನು ಮಾತಿಲ್ಲದೆ ಬರೀ ವಾದ್ಯದಲ್ಲಿ ಇನ್ನೊಮ್ಮೆ ಕೊಟ್ಟಿದ್ದಾರೆ. ಹುಡುಗಿಯನ್ನು ತೆಗೆದರೂ ಹಾಡು ನಿಲ್ಲುತ್ತದೆ ಅಂತ ಬಿದ್ದುವಿಗೆ ಗೊತ್ತಿತ್ತು. ನಾಜಿಯಾ 2000ದ ಆಗಸ್ಟ್‌ನಲ್ಲಿ, ಮೂವತ್ತೈದನೆಯ ವಯಸ್ಸಿಗೆ, ಲಂಡನ್ನಿನಲ್ಲಿ ತೀರಿಕೊಂಡಳು. ಅದು ಗೊತ್ತಾದಮೇಲೆ ವಾದ್ಯದ ಆವೃತ್ತಿ ಕೇಳುವುದು ಮೊದಲಿನಷ್ಟು ಸಲೀಸಲ್ಲ.

ನಮ್ಮ ಕಡೆಯ ಆರ್ಕೆಸ್ಟ್ರಾಗಳಲ್ಲಿ ಮೊದಲು ಕತ್ತರಿ ಬೀಳುವುದು ಬಿಟ್ಟಿಗೆ. ಹತ್ತಾರು ಪಿಟೀಲು ನುಡಿಸಿದ್ದನ್ನು ಒಬ್ಬ ಕೀಬೋರ್ಡಿನವನು ಹೊರಬೇಕು. ಹಿಂದಿನಿಂದ “ಸಂತೋಷಕೆ ಹಾಕ್ರೀ” ಅಂತ ಕೂಗು ಬರುತ್ತಿರುತ್ತದೆ. ಹಾಗಾಗಿ ‘ಜೊತೆಯಲಿ’ ಹಾಡುವಾಗ ಎರಡನೆಯ ಬಿಟ್ ಅರ್ಧಕ್ಕೇ ನಿಂತು ಚರಣ ಶುರುವಾಗುತ್ತದೆ. ಜನ ಗಮನಿಸುವುದೂ ಇಲ್ಲ. ಗಾಯಕಿ ಚೆನ್ನಾಗಿ ಹಾಡಿದರೆ ಐವತ್ತರ ನೋಟು ಬರುತ್ತದೆ. ಬಿಟ್ಟಿಗೆ ಯಾರೂ ನೋಟು ಕೊಟ್ಟದ್ದು ನಾನು ನೋಡಿಲ್ಲ.

‘ಜೊತೆಯಲಿ’ಯ ರಾಗ ಮಾತ್ರ ಸುಮ್ಮನೆ ಕೂರಲಿಲ್ಲ. ಇಳಯರಾಜ ಅದನ್ನು 1984ರ ತಮಿಳಿನ ‘ನೂರಾವದು ನಾಳ್’ ಚಿತ್ರದಲ್ಲಿ ‘ವಿಳಿಯಿಲೇ’ ಎಂದು ಮತ್ತೆ ಬಳಸಿದರು. 2007ರಲ್ಲಿ ಬಾಲ್ಕಿ ನಿರ್ದೇಶಿಸಿದ ‘ಚೀನಿ ಕಮ್’ನಲ್ಲಿ ಶ್ರೇಯಾ ಘೋಷಾಲ್ ಅದನ್ನೇ ‘ಜಾನೇ ದೋ ನಾ’ ಎಂದು ನಿಧಾನದಲ್ಲಿ ಹಾಡಿದರು. ಅಣ್ಣನ ಮಗ ಒಂದು ಸಂಜೆ ಬಂದವನು ನನ್ನ ಮೊಬೈಲಿನಿಂದ ಬರುತ್ತಿದ್ದ ‘ಜೊತೆಯಲಿ’ ಕೇಳಿ, “ಕಾಕಾ, ಇದು ಚೀನಿ ಕಮ್ ಹಾಡಲ್ಲೇನು? ಕನ್ನಡದಾಗ ಯಾವಾಗ ಮಾಡ್ಯಾರ?” ಅಂದ. ಕೂರಿಸಿ ಮೂರನ್ನೂ ಕೇಳಿಸಿದೆ, ಮೊದಲು ಕನ್ನಡ, ಆಮೇಲೆ ತಮಿಳು, ಕೊನೆಗೆ ಹಿಂದಿ. ಅವನಿಗೆ ಹಿಂದಿಯದೇ ಚಲೋ ಅನಿಸಿತಂತೆ, ಗದ್ದಲ ಕಡಿಮೆ ಅಂತ. ನಾನು ಒಪ್ಪಲಿಲ್ಲ; ಕನ್ನಡದ್ದರ ಎರಡನೆಯ ಬಿಟ್ಟನ್ನಷ್ಟೇ ಹಿಂದೆ ಸರಿಸಿ ಇನ್ನೊಮ್ಮೆ ಹಾಕಿದೆ. ಅವನು ಎದ್ದು ಹೋಗಲಿಲ್ಲವಾದರೂ ಅಭಿಪ್ರಾಯ ಬದಲಿಸಿದಂತೆ ಕಾಣಲಿಲ್ಲ.